ಕೊನೆಯ ಹೆಸರಿಲ್ಲದವರು

ಮೂರ್ನಾಲ್ಕು ವರ್ಷಗಳ ಹಿಂದೆ ಗುಬ್ಬಿ ಕಡೆಯ ತೆಂಗು ಬೆಳೆಗಾರರ ಒಂದು ಗುಂಪಿಗೆ ವೆಬ್‌ಸೈಟ್ ಮಾಡಿಕೊಟ್ಟಿದ್ದೆ. ನೋಂದಣಿ ಅರ್ಜಿಯಲ್ಲಿ ಎರಡು ಖಾನೆಗಳಿದ್ದವು: ಮೊದಲ ಹೆಸರು, ಕೊನೆಯ ಹೆಸರು. ಎರಡನ್ನೂ ತುಂಬದಿದ್ದರೆ ಅರ್ಜಿ ಮುಂದಕ್ಕೆ ಹೋಗದು. ಕೆಲಸ ಮುಗಿದ ಮೇಲೆ ಒಂದು ಮಧ್ಯಾಹ್ನ ಅಲ್ಲಿಗೆ ಹೋಗಿ ಕೂತೆ. ಅರವತ್ತು ದಾಟಿದ ಹಿರಿಯರೊಬ್ಬರು ಮೊಬೈಲಿನಲ್ಲಿ ಹೆಸರು ಬರೆದು ಬಟನ್ ಒತ್ತಿದರು. ‘ಹೆಸರು ಸರಿಯಾಗಿಲ್ಲ’ ಎಂದು ಕೆಂಪಕ್ಷರದಲ್ಲಿ ಬಂತು. ಮತ್ತೆ ಒತ್ತಿದರು, ಮತ್ತೆ ಅದೇ. ನನ್ನ ಕಡೆ ತಿರುಗಿ, “ನಮ್ಮಪ್ಪ ಇಟ್ಟಿದ್ದೇ ಇಷ್ಟು ಕಣಪ್ಪ, ಇನ್ನೇನು ಬರೀಲಿ?” ಎಂದರು.

ಆ ಕೆಂಪಕ್ಷರ ಬರೆದವನು ನಾನು. ಎಲ್ಲಿಂದಲೋ ತಂದ ಟೆಂಪ್ಲೇಟನ್ನು ಯೋಚಿಸದೆ ಕೂರಿಸಿದ್ದೆ. ನಮ್ಮ ಸೀಮೆಯಲ್ಲಿ ಊರಿನದೋ ಅಪ್ಪನದೋ ಮೊದಲಕ್ಷರ ಹೆಸರಿನ ಮುಂದೆ ಕೂರುತ್ತದೆ. ಹಿಂದೆ ಬರುವ ಮನೆತನದ ಹೆಸರು ಬಹಳ ಜನಕ್ಕೆ ಇಲ್ಲವೇ ಇಲ್ಲ. 1891ರಲ್ಲಿ ಹುಟ್ಟಿ ಕನ್ನಡ ರಂಗಭೂಮಿಯನ್ನು ಕಟ್ಟಿ ಬೆಳೆಸಿದ ಗುಬ್ಬಿ ವೀರಣ್ಣನವರ ಹೆಸರನ್ನೇ ನೋಡಿ. ಗುಬ್ಬಿ ಊರು, ವೀರಣ್ಣ ಹೆಸರು. ನನ್ನ ಅರ್ಜಿಯಾದರೆ ಅವರನ್ನು ಮೊದಲ ಹೆಸರಿನಲ್ಲಿ ಗುಬ್ಬಿ ಎಂದು ಕರೆಯುತ್ತಿತ್ತು. ಅಲ್ಲಿಯವರೆಗೆ ತುಂಬಿದ್ದ ಅರ್ಜಿಗಳನ್ನು ತೆಗೆದು ನೋಡಿದೆ. ಕೆಲವರು ಹೆಸರನ್ನೇ ಎರಡು ಸಲ ಬರೆದಿದ್ದರು, ಕೆಲವರು ಬರೀ ಚುಕ್ಕಿ ಇಟ್ಟಿದ್ದರು. ಯಾರೂ ದೂರು ಹೇಳಿರಲಿಲ್ಲ. ‘ನಂಗೆ ಓದು ಕಡಿಮೆ, ಅದ್ಕೇ ಗೊತ್ತಾಗ್ತಿಲ್ಲ’ ಎಂದು ತಪ್ಪನ್ನು ತಮ್ಮ ಮೇಲೇ ಹಾಕಿಕೊಂಡಿದ್ದರು. ನನ್ನನ್ನು ಇವತ್ತಿಗೂ ಕಾಡುವುದು ಇದೇ. ಅವತ್ತೇ ಎರಡೂ ಖಾನೆ ತೆಗೆದು ಒಂದನ್ನೇ ಇಟ್ಟೆ: ನಿಮ್ಮ ಹೆಸರು.

ತುಮಕೂರಿನ ಕಾಲೇಜು ಹುಡುಗರು ಸಿಕ್ಕಾಗ, ನಿಮಗೆ ಸ್ಫೂರ್ತಿ ಎಲ್ಲಿಂದ ಬರುತ್ತದೆ ಸಾರ್ ಎಂದು ಕೇಳುತ್ತಾರೆ. ಸ್ಫೂರ್ತಿ ಮೇಲಿನಿಂದ ಇಳಿದು ಬರುತ್ತದೆಂದು ನಾನು ನಂಬುವುದಿಲ್ಲ. ಒಬ್ಬ ಮನುಷ್ಯನ ಬೆರಳು ಎಲ್ಲಿ ತಡವರಿಸಿತು ಎಂದು ನೋಡಿದರೆ ಮುಂದಿನ ಕೆಲಸ ತಾನಾಗಿ ಕಾಣುತ್ತದೆ. ಸೈಟ್ ಬಿಡುಗಡೆಗೆ ಮುಹೂರ್ತ, ರಾಹುಕಾಲ ನೋಡುವವರಿದ್ದಾರೆ. ಅದನ್ನು ಬಳಸುವ ನಾಲ್ಕು ಜನರನ್ನು ಮೊದಲೇ ಕೂರಿಸಿ ನೋಡಿದ್ದೀರಾ ಎಂದರೆ ಉತ್ತರವಿರುವುದಿಲ್ಲ. ನಾನು ಆ ನಾಲ್ಕು ಜನರನ್ನು ಹುಡುಕಿಕೊಂಡು ಹೋಗುತ್ತೇನೆ. ಅವರ ಪಕ್ಕ ಬಾಯಿ ಮುಚ್ಚಿ ಕೂರುವುದೇ ಈ ಕಸುಬಿನಲ್ಲಿ ನಾನು ಕಷ್ಟಪಟ್ಟು ಕಲಿತ ಪಾಠ. ಇಂಗ್ಲಿಷಿಗೆಂದು ಅಳೆದ ಸಾಲುಗಳ ಅಂತರದಲ್ಲಿ ಕನ್ನಡ ಹಾಕಿದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಗಲುತ್ತದೆಂಬುದನ್ನೂ, ಕಣ್ಣು ಕಿರಿದು ಮಾಡಿ ಓದುತ್ತಿದ್ದ ಅಜ್ಜಿಯೊಬ್ಬರ ಪಕ್ಕ ಕೂತಾಗಲೇ ಕಂಡುಕೊಂಡೆ.

ಸಿದ್ಧಗಂಗೆಯ ದಾಸೋಹಕ್ಕೆ ಆಗಾಗ ಹೋಗುತ್ತೇನೆ. ದೇವರನ್ನು ನಂಬದ ನನಗೂ ಆ ಪಂಕ್ತಿ ಮುಖ್ಯ. ಕೂತವರಿಗೆ ಮುದ್ದೆ ಬಡಿಸುವ ಮುಂಚೆ ನೀವು ಯಾರು, ಯಾವ ಜಾತಿ ಎಂದು ಯಾರೂ ಕೇಳುವುದಿಲ್ಲ. ಹಸಿದಿದ್ದಾನೆ ಎಂಬಷ್ಟು ತಿಳಿದರೆ ಸಾಕು. ನಮ್ಮ ಅರ್ಜಿಗಳೋ, ಒಂದು ಸಣ್ಣ ಮಾಹಿತಿ ಕೊಡುವುದಕ್ಕೂ ಹುಟ್ಟಿದ ದಿನ, ಧರ್ಮ, ಆಧಾರ್ ಸಂಖ್ಯೆ ಕೇಳುತ್ತವೆ. ಈಗ ಪ್ರತಿ ಖಾನೆಯ ಎದುರೂ ಇದಿಲ್ಲದೆ ಕೆಲಸ ನಿಲ್ಲುತ್ತದೆಯೇ ಎಂದು ಕೇಳಿಕೊಳ್ಳುತ್ತೇನೆ. ಹೆಚ್ಚಿನವು ಉದುರಿ ಹೋಗುತ್ತವೆ.

ಒಬ್ಬ ಗಿರಾಕಿ, ಹಣ ಕಟ್ಟುವ ಪುಟದಲ್ಲಿ ದೇಣಿಗೆಯ ಚೌಕಕ್ಕೆ ಮೊದಲೇ ಟಿಕ್ ಹಾಕಿಡಿ, ಯಾರೂ ಗಮನಿಸುವುದಿಲ್ಲ ಎಂದರು. ಗಮನಿಸುವುದಿಲ್ಲ ಎಂಬುದೇ ಅದನ್ನು ಮಾಡಬಾರದ ಕಾರಣ. ಇಂಥ ವಂಚನೆಗೆ ಹ್ಯಾರಿ ಬ್ರಿಗ್ನಲ್ 2010ರಲ್ಲಿ ಡಾರ್ಕ್ ಪ್ಯಾಟರ್ನ್ ಎಂದು ಹೆಸರಿಟ್ಟರು. 2023ರ ನವೆಂಬರ್ 30ರಂದು ನಮ್ಮ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇಂಥ 13 ಬಗೆಗಳನ್ನು ಪಟ್ಟಿಮಾಡಿ ನಿಷೇಧಿಸಿತು. ಕೇಳದೆ ಬುಟ್ಟಿಗೆ ಸೇರಿಸುವುದೂ ಅದರಲ್ಲಿದೆ. ತೂಕದಲ್ಲಿ ಮೋಸ ಮಾಡುವ ಅಂಗಡಿಯವನನ್ನು ಬೈಯುವ ನಾವು ಪರದೆಯ ಮೇಲಿನ ಮೋಸವನ್ನು ಜಾಣತನ ಎನ್ನುತ್ತೇವೆ. ಆ ಕೆಲಸ ನಾನು ಬಿಟ್ಟೆ.

ಯಾವ ಪುಟವನ್ನಾದರೂ ಒಪ್ಪಿಸುವ ಮುಂಚೆ ಹಳೆಯದೊಂದು ಅಗ್ಗದ ಫೋನ್ ಹಿಡಿದು ಕುಣಿಗಲ್ ಬಸ್ ನಿಲ್ದಾಣಕ್ಕೆ ಹೋಗುತ್ತೇನೆ, ಮಟಮಟ ಮಧ್ಯಾಹ್ನ. ಆಫೀಸಿನಲ್ಲಿ ಸೊಗಸಾಗಿ ಕಾಣುವ ತಿಳಿಬೂದು ಅಕ್ಷರ ಆ ಬಿಸಿಲಲ್ಲಿ ಮಾಯವಾಗುತ್ತದೆ. ಅಕ್ಷರಕ್ಕೂ ಹಿನ್ನೆಲೆಗೂ ಬೆಳಕಿನ ಅಂತರ ಕನಿಷ್ಠ 4.5ಕ್ಕೆ 1ರ ಪ್ರಮಾಣದಲ್ಲಿರಬೇಕು ಎಂಬ ಅಂತರರಾಷ್ಟ್ರೀಯ ನಿಯಮ ಯಾಕಿದೆಯೆಂದು ಅಲ್ಲಿ ನಿಂತವರಿಗೆ ಹೇಳಿಕೊಡಬೇಕಿಲ್ಲ. ಹೋದ ಸಲ ಅಲ್ಲೊಬ್ಬ ತಾಯಿಗೆ ಪುಟ ತೋರಿಸಿದೆ. ಎಡಗಂಕುಳಲ್ಲಿ ಮಗು, ಬಲಗೈಯಲ್ಲಿ ಫೋನು. ಅಕ್ಷರವೇನೋ ಓದಿದರು, ಆದರೆ ಎಡ ಮೇಲ್ಮೂಲೆಯಲ್ಲಿದ್ದ ಬಟನ್ನಿಗೆ ಅವರ ಹೆಬ್ಬೆರಳು ಎಟುಕಲಿಲ್ಲ. ಮಗುವನ್ನು ಕೆಳಗಿಳಿಸಿ ಒತ್ತಿದರು. ಅದು ಅಳತೊಡಗಿತು. ತುಮಕೂರಿಗೆ ವಾಪಸ್ಸು ಬಂದವನೇ ಬಟನ್ನನ್ನು ಪರದೆಯ ಕೆಳಗಿನ ಅಂಚಿಗೆ ಇಳಿಸಿದೆ.