ತುಂಬಿದ ದೋಣಿಯೂ ನೆರೆಯವನ ಪ್ರಾಣವೂ

ಓದತಕ್ಕ ವೇದಭಾಗಗಳು: ಲೂಕ 5:1-11, ಧರ್ಮೋಪದೇಶಕಾಂಡ 22:8.



ಗೆನೆಜರೇತ್ ಸರೋವರದಲ್ಲಿ ಸೀಮೋನನ ಬಲೆಗೆ ಬಿದ್ದ ಅಪಾರವಾದ ಮೀನುಗಳ ವೃತ್ತಾಂತವನ್ನು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ಪೇತ್ರನ ದೈನ್ಯವನ್ನೂ ಶಿಷ್ಯರ ಕರೆಯನ್ನೂ ಕುರಿತು ಅನೇಕ ಪ್ರಸಂಗಗಳಾಗಿವೆ. ಆದರೆ ಆ ವೃತ್ತಾಂತದಲ್ಲಿ ನಾವು ಓದಿ ದಾಟಿಹೋಗುವ ಎರಡು ಚಿಕ್ಕ ಮಾತುಗಳುಂಟು. ಮೊದಲನೆಯದು: ದಡದಲ್ಲಿ ಜನರು ಒಬ್ಬರ ಮೇಲೊಬ್ಬರು ನೂಕಿಕೊಂಡು ಬರುತ್ತಿರುವಾಗ ಕರ್ತನು ದೋಣಿಯನ್ನೇರಿ, ಅದನ್ನು ದಡದಿಂದ ಸ್ವಲ್ಪ ದೂರಕ್ಕೆ ನೂಕಬೇಕೆಂದು ಕೇಳಿಕೊಂಡನು. ಎರಡನೆಯದು: ಮೀನುಗಳಿಂದ ತುಂಬಿದ ಎರಡು ದೋಣಿಗಳೂ ಮುಳುಗುವ ಸ್ಥಿತಿಗೆ ಬಂದವು. ಆ ಮೀನುಗಳು ಕರ್ತನು ಕೊಟ್ಟ ದಾನವೇ ಸರಿ. ಆದರೂ ದೋಣಿಯ ಹಲಗೆ ತನ್ನ ಅಳತೆಗೆ ಮೀರಿದ್ದನ್ನು ಹೊರಲಾರದು. ಆಶೀರ್ವಾದವನ್ನಾದರೂ ಅಳತೆ ಮೀರಿ ತುಂಬಿದರೆ ದೋಣಿ ಮುಳುಗುವದು.

ಈ ಎರಡು ಮಾತುಗಳ ಅರ್ಥವು ಚೆನ್ನಾಗಿ ಮನಸ್ಸಿಗೆ ನಾಟುವಂತೆ, ಬಹು ದೂರದಲ್ಲಿರುವ ಒಂದು ನದಿಯ ಕಡೆಗೆ ವಾಚಕರನ್ನು ಕರಕೊಂಡು ಹೋಗುತ್ತೇವೆ.

ಅಮೇರಿಕಾ ದೇಶದ ಪಶ್ಚಿಮ ಭಾಗದಲ್ಲಿ ಕೊಲಂಬಿಯಾ ಎಂಬ ಮಹಾನದಿಯುಂಟು. ಅದು ಸುಮಾರು 2,000 ಕಿಲೋಮೀಟರು ಹರಿದು, ಓರೆಗಾನ್ ಮತ್ತು ವಾಷಿಂಗ್ಟನ್ ಸೀಮೆಗಳ ನಡುವೆ ಪೆಸಿಫಿಕ್ ಸಾಗರವನ್ನು ಸೇರುತ್ತದೆ. ಅದರ ಬಾಯಿಯ ಹತ್ತಿರ ಅಸ್ಟೋರಿಯಾ ಎಂಬ ಪಟ್ಟಣವಿದೆ. ಅಲ್ಲಿ ನದಿಯು ಎಷ್ಟು ಅಗಲವೆಂದರೆ, 1966ರಲ್ಲಿ ತೆರೆದ ಸೇತುವೆಯ ಉದ್ದವು ನಾಲ್ಕು ಮೈಲುಗಳಿಗಿಂತ ಹೆಚ್ಚು. ಈ ನದಿಯಲ್ಲಿ ಸಾಲ್ಮನ್ ಎಂಬ ಮೀನುಗಳಿವೆ. ಅವು ಮೇಲಣ ಸಿಹಿನೀರಿನಲ್ಲಿ ಹುಟ್ಟಿ, ಸಮುದ್ರಕ್ಕೆ ಇಳಿದುಹೋಗಿ, ಅಲ್ಲಿ ವರುಷಗಟ್ಟಲೆ ಬೆಳೆದು, ತಾವು ಹುಟ್ಟಿದ ಹೊಳೆಗೇ ಮೊಟ್ಟೆಯಿಡಲು ತಿರಿಗಿ ಬರುತ್ತವೆ. ಚಿನೂಕ್, ಕೋಹೋ ಎಂಬ ಜಾತಿಯವು ಆಗಸ್ಟ್ ತಿಂಗಳಲ್ಲಿ ಗುಂಪುಗುಂಪಾಗಿ ನದಿಯ ಬಾಯನ್ನು ಹೊಗುತ್ತವೆ. ಹಡಗುಗಳಿಗೆ ದಾರಿ ತೋರಿಸುವದಕ್ಕಾಗಿ ಅಲ್ಲಿ ಅಂಕೆ ಬರೆದ ತೇಲುಗುರುತುಗಳನ್ನು ಕಟ್ಟಿದ್ದಾರೆ. ಅವುಗಳಲ್ಲಿ ಹತ್ತನೆಯದರಿಂದ ಆ ಮೀನುಗಾರಿಕೆಗೆ ‘ಬೂಯಿ ಟೆನ್’ ಎಂಬ ಹೆಸರಾಯಿತು.

ಮೀನು ಬಂತೆಂಬ ಸುದ್ದಿ ಹಬ್ಬಿದರೆ ಸಾಕು, ದೂರದ ಊರುಗಳಿಂದ ಜನರು ತಮ್ಮ ಯಂತ್ರದೋಣಿಗಳನ್ನು ಬಂಡಿಗಳ ಮೇಲೆ ಎಳೆದುಕೊಂಡು ಬರುತ್ತಾರೆ. ಬೆಳಕು ಹರಿಯುವ ಮುಂಚೆಯೇ ದೋಣಿ ಇಳಿಸುವ ಕಡೆಯಲ್ಲಿ ಸಾಲುಗಟ್ಟಿ ನಿಲ್ಲುತ್ತಾರೆ. ಒಂದು ಕಡೆಯಲ್ಲಿ ಮೀನು ಕಚ್ಚಿತೆಂದರೆ ಎಲ್ಲರೂ ಅಲ್ಲಿಗೇ ಓಡುತ್ತಾರೆ. ಗಾಳದ ದಾರವನ್ನು ಹಿಂದೆ ಬಿಟ್ಟು ಮೆಲ್ಲಗೆ ಎಳೆಯುತ್ತಾ ಹೋಗುವದು ಅಲ್ಲಿಯ ಕ್ರಮ. ಒಬ್ಬನು ನೀರಿನ ಓಟದ ಕೂಡ ಹೋಗುತ್ತಾನೆ, ಒಬ್ಬನು ಎದುರಾಗಿ ಬರುತ್ತಾನೆ, ಮತ್ತೊಬ್ಬನು ಇಬ್ಬರ ನಡುವೆ ತೂರುತ್ತಾನೆ. ದಾರಕ್ಕೆ ದಾರ ಸಿಕ್ಕುತ್ತದೆ, ಮಾತಿಗೆ ಮಾತು ಬೆಳೆಯುತ್ತದೆ. ದೋಣಿಯಲ್ಲಿದ್ದವರ ಕಣ್ಣುಗಳೆಲ್ಲಾ ಕೋಲಿನ ತುದಿಯ ಮೇಲೆ. ಮುಂದೆ ನೋಡುವವನು ಒಬ್ಬನೂ ಇಲ್ಲ. ಅದೇ ಕಾಲುವೆಯಲ್ಲಿ ಸರಕಿನ ದೊಡ್ಡ ಹಡಗುಗಳೂ ಬರುತ್ತವೆ. ಅವು ಹಠಾತ್ತಾಗಿ ನಿಲ್ಲಲಾರವು, ಪಕ್ಕಕ್ಕೆ ಸರಿಯಲಾರವು. ಇದಲ್ಲದೆ ಬೇಸಿಗೆಯ ಮುಂಜಾವದಲ್ಲಿ ಮಂಜು ಕವಿದು, ಪಕ್ಕದ ದೋಣಿ ಕಾಣದ ದಿನಗಳೂ ಉಂಟು.

ಇವೆಲ್ಲಕ್ಕಿಂತಲೂ ಭಯಂಕರವಾದದ್ದು ಅಲ್ಲಿಯ ಅಳಿವೆ. ನದಿಯ ಬಾಯಲ್ಲಿ ಮರಳು ನಿಂತು, ಇಳಿತದ ನೀರು ರಭಸದಿಂದ ಹೊರಕ್ಕೆ ಹರಿಯುವಾಗ ಸಮುದ್ರದ ಅಲೆ ಎದುರಾಗಿ ಬಂದರೆ ತೆರೆಯು ಗೋಡೆಯಂತೆ ಎದ್ದು ಮುರಿಯುವದೆಂಬದನ್ನು ನಮ್ಮ ಕರಾವಳಿಯ ಸಹೋದರರಿಗೆ ಹೇಳಿಕೊಡಬೇಕಾಗಿಲ್ಲ. 1792ರಲ್ಲಿ ರಾಬರ್ಟ್ ಗ್ರೇ ಎಂಬ ನಾವಿಕನು ಆ ನದಿಯನ್ನು ಹೊಕ್ಕು ಅದಕ್ಕೆ ತನ್ನ ಹಡಗಿನ ಹೆಸರನ್ನಿಟ್ಟನು. ಅಂದಿನಿಂದ ಅಲ್ಲಿ ನಾಶವಾದ ಸಣ್ಣ ದೊಡ್ಡ ನಾವೆಗಳು ಸುಮಾರು 2,000 ಎಂದು ಹೇಳುತ್ತಾರೆ. ಆದಕಾರಣ ಆ ಕಡಲಿಗೆ ‘ಪೆಸಿಫಿಕ್ಕಿನ ಸ್ಮಶಾನ’ ಎಂಬ ಹೆಸರು ಬಂದಿದೆ. ಅಮೇರಿಕಾದ ಕರಾವಳಿ ಕಾವಲು ಪಡೆಯವರು ರಕ್ಷಣಾದೋಣಿಗಳನ್ನು ನಡಿಸುವವರಿಗೆ ಶಿಕ್ಷಣ ಕೊಡುವ ಶಾಲೆಯನ್ನು ಅಲ್ಲಿಯೇ ಇಟ್ಟಿದ್ದಾರೆ. ಯಾಕಂದರೆ ಅಂಥ ನೀರನ್ನು ಗೆಲ್ಲಲು ಕಲಿತವನಿಗೆ ಬೇರೆ ನೀರು ಸುಲಭ. ಹೀಗಿರಲಾಗಿ, ಮೀನಿನ ಮೇಲಣ ಆಶೆಯಿಂದ ಚಿಕ್ಕ ದೋಣಿಯೊಂದು ಇಳಿತದ ಕೂಡ ಸಮುದ್ರದ ಕಡೆಗೆ ಸರಿಯುತ್ತಾ ಹೋಗಿ, ಆ ಹೊತ್ತಿನಲ್ಲೇ ಅದರ ಯಂತ್ರವು ನಿಂತುಹೋದರೆ ಗತಿಯೇನು? ನೀರೇ ಅದನ್ನು ಮುರಿಯುವ ತೆರೆಗಳ ಬಾಯಿಗೆ ಒಪ್ಪಿಸುವದು. ಕಡಲು ಕೆಟ್ಟ ದಿನಗಳಲ್ಲಿ ಕಾವಲು ಪಡೆಯವರು ಸಣ್ಣ ದೋಣಿಗಳಿಗೆ ಅಳಿವೆಯನ್ನು ಮುಚ್ಚಿಬಿಡುತ್ತಾರೆ. ಅದು ಹಗೆಯ ಕೆಲಸವಲ್ಲ, ಕರುಣೆಯ ಕೆಲಸ.

ಪ್ರಿಯರೇ, ಈ ನದಿಯಿಂದ ನಾವು ಮೂರು ಪಾಠಗಳನ್ನು ಕಲಿಯುವ.

ಮೊದಲನೆಯದು, ಎಡೆ ಬಿಡುವದು ಪ್ರೀತಿಯ ಲಕ್ಷಣ. ಜನರು ನೂಕಿದಾಗ ಕರ್ತನು ತಿರಿಗಿ ನೂಕಲಿಲ್ಲ, ಅವರನ್ನು ಬಿಟ್ಟು ಓಡಲೂ ಇಲ್ಲ. ದೋಣಿಯನ್ನು ಸ್ವಲ್ಪ ದೂರ ಮಾಡಿಸಿ ಅಲ್ಲಿಂದಲೇ ಉಪದೇಶಿಸಿದನು. ಎಲ್ಲರೂ ಕೇಳುವ ಹಾಗಾಯಿತು, ಯಾರೂ ತುಳಿದಾಟಕ್ಕೆ ಸಿಕ್ಕಲಿಲ್ಲ. ನೆರೆಯವನಿಗೆ ತಿರುಗುವಷ್ಟು ನೀರು ಬಿಡದೆ, ಮೀನು ಅವನಿಗೆ ಸಿಕ್ಕೀತೆಂದು ಅವನ ಪಕ್ಕಕ್ಕೆ ಒತ್ತಿಕೊಂಡು ಹೋಗುವವನು ಹತ್ತನೆಯ ಆಜ್ಞೆಯನ್ನು ಮೀರಿದ ಮೇಲೆ ಆರನೆಯ ಆಜ್ಞೆಯ ಅಂಚಿಗೂ ಬಂದು ನಿಂತಿದ್ದಾನೆ.

ಎರಡನೆಯದು, ಅಳತೆಯನ್ನು ತಿಳಿಯುವದು ಬುದ್ಧಿಯ ಲಕ್ಷಣ. ಆ ದೇಶದಲ್ಲಿ ಇಪ್ಪತ್ತು ಅಡಿಗಿಂತ ಚಿಕ್ಕದಾದ ಯಂತ್ರದೋಣಿಗಳಲ್ಲಿ, ಇಷ್ಟು ಜನ, ಇಷ್ಟು ತೂಕ ಎಂದು ಬರೆದ ತಗಡನ್ನು ಕಟ್ಟುವವರೇ ಹೊಡೆದಿರಬೇಕೆಂದು ನಿಯಮವುಂಟು. ಆದರೆ ತಗಡು ಮಾತಾಡಲಾರದು. ಮನುಷ್ಯರಲ್ಲದೆ ಮಂಜುಗಡ್ಡೆಯ ಪೆಟ್ಟಿಗೆ, ಎಣ್ಣೆಯ ಡಬ್ಬ, ಲಂಗರು, ಹಿಡಿದ ಮೀನು ಇವೆಲ್ಲಾ ತೂಕವೇ. ದೋಣಿಯ ಹಿಂಭಾಗದಲ್ಲಿ ಯಂತ್ರವು ಮೊದಲೇ ಭಾರವಾಗಿರುತ್ತದೆ. ಅಲ್ಲಿಂದಲೇ ಲಂಗರು ಬಿಟ್ಟರೆ ಓಡುವ ನೀರು ಹಿಂಭಾಗವನ್ನು ಕೆಳಗೆಳೆದು ನಿಮಿಷಗಳಲ್ಲಿ ದೋಣಿಯನ್ನು ತುಂಬಿಸುವದು. ಬಲ್ಲವರು ಲಂಗರನ್ನು ಮುಂಭಾಗದಿಂದಲೇ ಬಿಡುತ್ತಾರೆ.

ಮೂರನೆಯದು, ಮುಂಜಾಗ್ರತೆಯು ಭಕ್ತಿಯ ಲಕ್ಷಣ. ಹೊಸ ಮನೆ ಕಟ್ಟುವವನು ಮಾಳಿಗೆಗೆ ಸುತ್ತುಗೋಡೆಯನ್ನು ಕಟ್ಟಬೇಕು, ಯಾವನಾದರೂ ಅಲ್ಲಿಂದ ಬಿದ್ದು ಸತ್ತರೆ ಆ ರಕ್ತದ ಅಪರಾಧವು ಆ ಮನೆಯ ಮೇಲೆ ಬರುವದೆಂದು ದೇವರು ಮೋಶೆಯ ಮೂಲಕ ವಿಧಿಸಿದನು. ದೋಣಿಯವನಿಗೆ ಆ ಸುತ್ತುಗೋಡೆ ಯಾವದು? ಲೈಫ್ ಜಾಕೆಟ್ ಎಂದು ಕರೆಯುವ ತೇಲುವ ಅಂಗಿಯೇ. 2023ರಲ್ಲಿ ಅಮೇರಿಕಾದಲ್ಲೆಲ್ಲಾ ವಿನೋದದ ದೋಣಿಗಳ ಅಪಘಾತಗಳಲ್ಲಿ 564 ಮಂದಿ ಸತ್ತರು. ಸಾವಿನ ಕಾರಣವು ತಿಳಿದುಬಂದವರಲ್ಲಿ ನೂರಕ್ಕೆ 75 ಮಂದಿ ನೀರಿನಲ್ಲಿ ಮುಳುಗಿದವರು; ಹಾಗೆ ಮುಳುಗಿದವರಲ್ಲಿ ನೂರಕ್ಕೆ 87 ಮಂದಿ ಆ ಅಂಗಿಯನ್ನು ತೊಟ್ಟಿರಲಿಲ್ಲವೆಂದು ಕಾವಲು ಪಡೆಯವರ ಲೆಕ್ಕ ಹೇಳುತ್ತದೆ. ಅಂಗಿಯು ಆಸನದ ಕೆಳಗೆ ಇದ್ದರೆ ಪ್ರಯೋಜನವೇನು? ತಣ್ಣೀರಿಗೆ ಬಿದ್ದವನು ಮೊದಲು ಉಸಿರುಗಟ್ಟಿ ಏದುತ್ತಾನೆ, ಸ್ವಲ್ಪ ಹೊತ್ತಿನಲ್ಲೇ ಅವನ ಬೆರಳುಗಳು ಬಿಗಿದುಹೋಗುತ್ತವೆ. ಆಮೇಲೆ ತೊಟ್ಟುಕೊಳ್ಳುವೆನೆಂಬದು ಆಗದ ಮಾತು. ಹನ್ನೆರಡು ವರುಷದೊಳಗಿನ ಮಕ್ಕಳು ಸಾಗುವ ದೋಣಿಯ ತೆರೆದ ಭಾಗದಲ್ಲಿ ಅದನ್ನು ತೊಟ್ಟೇ ಇರಬೇಕೆಂದು ಓರೆಗಾನಿನಲ್ಲಿ ಕಾನೂನುಂಟು. ಆದರೆ ಮಗನಿಗೆ ತೊಡಿಸಿ ತಾನು ತೊಡದ ತಂದೆಯು ಮುಳುಗಿದರೆ, ತೇಲುವ ಮಗನನ್ನು ಮನೆಗೆ ಕರಕೊಂಡು ಹೋಗುವವರಾರು?

“ಆಯುಷ್ಯವು ದೇವರ ಕೈಯಲ್ಲಿದೆ; ಅಂಗಿಯಲ್ಲಿದೆಯೋ?” ಎಂದು ಕೆಲವರು ಕೇಳುವರು. ಅಪೊಸ್ತಲನಾದ ಪೌಲನು ರೋಮಾಪುರಕ್ಕೆ ಹೋಗುವಾಗ ಹಡಗು ಬಿರುಗಾಳಿಗೆ ಸಿಕ್ಕಿತು. ಹಡಗಿನಲ್ಲಿದ್ದ 276 ಮಂದಿಯಲ್ಲಿ ಒಬ್ಬನೂ ನಾಶವಾಗನೆಂದು ದೇವದೂತನಿಂದ ಅವನಿಗೆ ವಾಗ್ದಾನವಾಗಿತ್ತು. ಆದರೂ ನಾವಿಕರು ಹಡಗನ್ನು ಬಿಟ್ಟು ಓಡಿಹೋಗಲು ನೋಡಿದಾಗ, ಇವರು ಇಲ್ಲಿ ಉಳಿಯದಿದ್ದರೆ ನೀವು ಉಳಿಯಲಾರಿರಿ ಎಂದು ಪೌಲನು ಶತಾಧಿಪತಿಗೆ ಎಚ್ಚರ ಹೇಳಿದನು. ವಾಗ್ದಾನವನ್ನು ನಂಬಿದವನೇ ಉಪಾಯವನ್ನು ಬಿಡಲಿಲ್ಲ. ದೇವಾಲಯದ ಶಿಖರದಿಂದ ಧುಮುಕು, ದೂತರು ಹಿಡಿಯುವರು ಎಂಬ ಮಾತು ಯಾರ ಬಾಯಿಂದ ಬಂತೆಂಬದು ನಿಮಗೆ ತಿಳಿದದೆ.

ಇಲ್ಲಿ ನಾವು ನಮ್ಮ ಸ್ವಂತ ತಪ್ಪನ್ನು ಮುಚ್ಚಿಡಬಾರದು. ಕೆಲವು ವರುಷಗಳ ಹಿಂದೆ ಮಳೆಗಾಲದ ಒಂದು ಆದಿತ್ಯವಾರ, ಹೊಳೆಯಾಚೆಯ ಸಣ್ಣ ಸಭೆಯಲ್ಲಿ ಆರಾಧನೆ ನಡಿಸಲು ನಾವು ಹೊರಟೆವು. ಕಡವಿಗೆ ಬರುವಾಗ ಹೊತ್ತು ಮೀರಿತ್ತು, ದೋಣಿ ತುಂಬಿತ್ತು. ಅಂಬಿಗನು, “ಅಯ್ಯನವರೇ, ನಾಲ್ಕು ಜನ ಇಳಿಯಲಿ, ಎರಡನೆಯ ಸಾರಿಗೆ ದಾಟಿಸುತ್ತೇನೆ” ಅಂದನು. ನಾವು, “ದೇವರ ಕೆಲಸಕ್ಕೆ ಹೋಗುವವರಪ್ಪಾ; ದೇವರೇ ದಾಟಿಸುವನು, ದೋಣಿ ಬಿಡು” ಅಂದೆವು. ನಡುಹೊಳೆಯಲ್ಲಿ ಗಾಳಿ ಬೀಸಿತು. ಅಂಚಿನ ಮೇಲಿಂದ ನೀರು ಒಳಗೆ ಬಂತು. ಒಬ್ಬ ತಾಯಿ ಮಗುವನ್ನು ಎದೆಗೆ ಅವಚಿಕೊಂಡು ಕಣ್ಣುಮುಚ್ಚಿದಳು. ಒಬ್ಬನು ತನ್ನ ಮುಟ್ಟಾಳೆಯಿಂದಲೇ ನೀರು ಮೊಗೆದನು. ದೇವರ ಕೃಪೆಯಿಂದ ದಡ ಮುಟ್ಟಿದೆವು. ಅಂಬಿಗನು ನಮ್ಮನ್ನು ಬೈಯಲಿಲ್ಲ. ಅವನು ದಡದಲ್ಲಿ ನಿಂತು ಇಳಿದವರನ್ನು ಒಬ್ಬೊಬ್ಬರಾಗಿ ಎಣಿಸಿದನು. ಎಣಿಕೆ ಸರಿಯಾದ ಮೇಲೆಯೇ ಕುಳಿತುಕೊಂಡನು. ಆ ದಿನ ನಾವು ಯಾವ ವಾಕ್ಯದ ಮೇಲೆ ಪ್ರಸಂಗ ಮಾಡಿದೆವೋ ಈಗ ನೆನಪಿಲ್ಲ. ಅವನು ಎಣಿಸಿದ್ದು ಮಾತ್ರ ಇಂದಿಗೂ ನೆನಪಿದೆ. ಕುರುಬನ ಕೆಲಸವನ್ನು ಅಂದು ಮಾಡಿದವನು ಅವನು, ನಾವಲ್ಲ.

ಎಲ್ಲಾ ದೋಣಿಗಳೂ ಹಾಗೆ ದಡ ಮುಟ್ಟುವದಿಲ್ಲ. 2019ನೆಯ ಜನವರಿ 21ರಂದು ಕಾರವಾರದ ಬಳಿಯ ಕೂರ್ಮಗಡ ದ್ವೀಪದ ಜಾತ್ರೆಯಿಂದ ಹಿಂದಿರುಗುತ್ತಿದ್ದ ದೋಣಿಯೊಂದು ಕವಚಿ, ಮಕ್ಕಳೂ ಸೇರಿ 16 ಮಂದಿ ತೀರಿಹೋದರು. ಆ ಮನೆಗಳ ದುಃಖವು ನಮ್ಮ ದುಃಖವೇ. ಕೊಲಂಬಿಯಾದ ಮೀನಿನ ಆಶೆಯೂ ನಮ್ಮ ಕಡವಿನ ಅವಸರವೂ ಒಂದೇ ಬೇರಿನವು: ನಾನು ಮೊದಲು, ನನಗೆ ಇಂದೇ ಎಂಬುದೇ ಆ ಬೇರು.

ಆದಕಾರಣ, ಪ್ರಿಯರೇ, ಅಂಬಿಗನು ಸಾಕೆಂದರೆ ಇಳಿಯಿರಿ. ಅವನು ಸಾಕೆನ್ನದಿದ್ದರೆ ನೀವೇ ಸಾಕೆನ್ನಿರಿ. ತೇಲುವ ಅಂಗಿ ಕೊಟ್ಟರೆ ನಾಚದೆ ತೊಡಿರಿ, ಕೊಡದಿದ್ದರೆ ಕೇಳಿರಿ. ಕಡಲು ಕೆಟ್ಟಿದೆಯೆಂದು ಎಚ್ಚರ ಬಂದ ದಿನ ಬಲೆ ಒಣಗಿದರೂ ಒಣಗಲಿ. ಮದುವೆಗೆ ತಡವಾದರೆ ಊಟ ಆರೀತು. ಆರಾಧನೆಗೆ ತಡವಾದರೆ ದೇವರು ಕಾಯುವನು.

ಸೀಮೋನನ ಬಲೆ ತುಂಬಿದಾಗ ಅವನು ಏನು ಮಾಡಿದನು? ಇನ್ನೊಂದು ದೋಣಿಯಲ್ಲಿದ್ದ ಪಾಲುಗಾರರಿಗೆ ಸನ್ನೆ ಮಾಡಿದನು, ಅವರು ಬಂದರು. ನೆರೆಯ ದೋಣಿಯು ಅವನಿಗೆ ಎದುರಾಳಿಯಾಗಿರಲಿಲ್ಲ, ಸಹಾಯವಾಗಿತ್ತು. ದಡ ಸೇರಿದ ಮೇಲೆ ಅವರು ಅಷ್ಟು ದೊಡ್ಡ ಹಿಡಿತವನ್ನೂ ಬಿಟ್ಟು ಕರ್ತನ ಹಿಂದೆ ಹೋದರು. ಮೀನನ್ನು ಬಿಡಲು ಬಲ್ಲವನೇ ಮನುಷ್ಯನನ್ನು ಉಳಿಸಬಲ್ಲನು. ಸಮುದ್ರವನ್ನೂ ಗಾಳಿಯನ್ನೂ ಗದರಿಸಿದಾತನು ನಮ್ಮ ಅವಸರವನ್ನೂ ಗದರಿಸಿ ಶಾಂತಮಾಡಲಿ. ನೀರಿನ ಮೇಲಿರುವವರೆಲ್ಲರನ್ನೂ ಎಣಿಕೆ ತಪ್ಪದಂತೆ ದಡ ಸೇರಿಸಲಿ. ಆಮೆನ್.