ಹಾಡು ಯಾರದು, ಮೈಕು ಯಾರ ಕೈಲಿ?

1965ರಲ್ಲಿ ಬಂದ ಒಂದು ಆಲ್ಬಮ್ಮನ್ನು ಈಚೆಗೆ ಮತ್ತೆ ಮತ್ತೆ ಕೇಳ್ತಾ ಇದೀನಿ. ಷಿಕಾಗೋದ ಪಾಲ್ ಬಟರ್‌ಫೀಲ್ಡ್ ಬ್ಲೂಸ್ ಬ್ಯಾಂಡಿನ ಮೊದಲ ಆಲ್ಬಮ್. ಬ್ಯಾಂಡಿನ ಹೆಸರೇ ಅದರ ಹೆಸರು. ಆರು ಜನರಲ್ಲಿ ನಾಲ್ವರು ಬಿಳಿಯರು, ಇಬ್ಬರು ಕಪ್ಪು ಜನ.

ಹಾಡುತ್ತ ಹಾರ್ಮೋನಿಕಾ ಊದುವ ಬಟರ್‌ಫೀಲ್ಡ್ ವಕೀಲರ ಮಗ. ಗಿಟಾರಿನ ಮೈಕ್ ಬ್ಲೂಮ್‌ಫೀಲ್ಡ್ ಶ್ರೀಮಂತರ ಮನೆಯವನು. ಬ್ಲೂಸ್ ಹುಟ್ಟಿದ್ದು ಇಂಥವರ ಮನೆಯಲ್ಲಲ್ಲ. ಮಿಸಿಸಿಪ್ಪಿಯ ಹತ್ತಿ ಹೊಲಗಳನ್ನು ಬಿಟ್ಟು ಷಿಕಾಗೋಗೆ ಗುಳೆ ಬಂದ ಕಪ್ಪು ಜನರ ಜೊತೆ ಬಂದ ಹಾಡು ಅದು. ಬಾರಿನ ಗಲಾಟೆಯಲ್ಲೂ ಕೇಳಲಿ ಅಂತ ಅವರು ಗಿಟಾರಿಗೆ ಕರೆಂಟು ಕೊಟ್ಟರು.

ಹಾಗಾದರೆ ತಾನು ಉಣ್ಣದ ನೋವನ್ನು ಹಾಡೋ ಹಕ್ಕು ಯಾರಿಗಾದರೂ ಇದೆಯಾ?

'ಸಂಗೀತಕ್ಕೆ ಬಣ್ಣ ಇಲ್ಲ' ಅಂದುಬಿಡಬಹುದು. 'ಕದ್ದ ಮಾಲು' ಅಂತಲೂ ಅನ್ನಬಹುದು. ಎರಡೂ ಸಲೀಸು. ಆದರೆ ಬಟರ್‌ಫೀಲ್ಡ್ ರೆಕಾರ್ಡು ಕೇಳಿಯಷ್ಟೇ ಕಲಿತವನಲ್ಲ. ಷಿಕಾಗೋದ ಸೌತ್ ಸೈಡಿನ ಕಪ್ಪು ಜನರ ಕ್ಲಬ್ಬುಗಳಿಗೆ ತಾನೇ ಹೋದ, ಮಡ್ಡಿ ವಾಟರ್ಸ್‌ನಂಥ ಹಿರಿಯರ ಎದುರು ನಿಂತು ಊದಿದ. ಮಡ್ಡಿ ವಾಟರ್ಸ್‌ನಿಂದ ಮನೆಮಾತಾಗಿದ್ದ 'ಗಾಟ್ ಮೈ ಮೋಜೋ ವರ್ಕಿಂಗ್' ಈ ಆಲ್ಬಮ್ಮಿನಲ್ಲೂ ಇದೆ. ಅದನ್ನು ಹಾಡಿದ್ದು ಬಟರ್‌ಫೀಲ್ಡ್ ಅಲ್ಲ, ಡ್ರಮ್ಮರ್ ಸ್ಯಾಮ್ ಲೇ. ನಾಯಕ ಮೈಕು ಬಿಟ್ಟುಕೊಟ್ಟಿದ್ದ.

ಇಲ್ಲಿಗೇ ನಿಲ್ಲಿಸಿದರೆ ಚೆಂದದ ಕಥೆ. ಆದರೆ ಸ್ಯಾಮ್ ಲೇ ಮತ್ತು ಬೇಸ್ ನುಡಿಸುತ್ತಿದ್ದ ಜೆರೋಮ್ ಆರ್ನಲ್ಡ್ ಇಬ್ಬರೂ ಹೌಲಿನ್ ವುಲ್ಫ್‌ನ ಬ್ಯಾಂಡ್ ಬಿಟ್ಟು ಬಂದವರು. ಇಲ್ಲಿ ಹೆಚ್ಚು ದುಡ್ಡು ಸಿಗುತ್ತಿತ್ತು. ಅಂಥ ಹಿರಿಯ ಕೊಡೋದಕ್ಕಿಂತ ಜಾಸ್ತಿ ಇಪ್ಪತ್ತರ ಹರೆಯದ ಹುಡುಗ ಕೊಡಬಲ್ಲ ಅಂದರೆ ಅದು ಬರೀ ಪ್ರತಿಭೆಯ ಲೆಕ್ಕ ಅಲ್ಲ. ಕಾಸಿರುವ ಬಿಳಿಯರ ಕ್ಲಬ್ಬಿನ ಬಾಗಿಲು ಯಾರಿಗೆ ಬೇಗ ತೆರೆಯುತ್ತಿತ್ತು ಅನ್ನೋದೂ ಆ ಲೆಕ್ಕದಲ್ಲಿದೆ. ಆ ಬಾಗಿಲನ್ನು ಬಟರ್‌ಫೀಲ್ಡ್ ಕಟ್ಟಿದ್ದಲ್ಲ, ನಿಜ. ಆದರೆ ಅದರ ಒಳಗೆ ನಡೆದು ಹೋದವನು ಅವನೇ.

ಇದನ್ನೆಲ್ಲ ಅವನ ತಪ್ಪೊಪ್ಪು ತೂಗೋಕೆ ಬರೀತಿಲ್ಲ. ಒಂದು ವರ್ಷ ನಮ್ಮ ಆಫೀಸಿನ ರಾಜ್ಯೋತ್ಸವದಲ್ಲಿ ನಾನೊಂದು ನಾಟಿ ಪದ ಹಾಡಿದ್ದೆ. 'ಹಳ್ಳಿಯ ಅಪ್ಪಟ ದನಿ' ಅಂತ ಚಪ್ಪಾಳೆ ಬಿತ್ತು, ಬಹುಮಾನವೂ ಬಂತು. ಹಳ್ಳಿಯವನು ಹೌದು. ಆದರೆ ಆ ಪದ ನಾನು ಕೇಳಿದ್ದು ಬದುವಿನ ಮೇಲೆ ಕೂತು. ಕೆಸರಲ್ಲಿ ಸೊಂಟ ಬಗ್ಗಿಸಿ ಹಾಡುತ್ತಿದ್ದವರು ನಮ್ಮ ಗದ್ದೆಗೆ ಕೂಲಿಗೆ ಬರುತ್ತಿದ್ದ ಹೆಂಗಸರು. ಅವರ ಕೇರಿ ನಮ್ಮನೆಯಿಂದ ಐದು ನಿಮಿಷದ ದಾರಿ. ಹದಿನೆಂಟು ವರ್ಷ ಆ ಊರಲ್ಲಿದ್ದೂ ಒಂದು ದಿನ ಅವರ ಮನೆ ಹೊಸ್ತಿಲು ದಾಟಿರಲಿಲ್ಲ. ಬಟರ್‌ಫೀಲ್ಡ್ ಕೊನೇಪಕ್ಷ ಅಷ್ಟು ನಡೆದಿದ್ದ. ವೇದಿಕೆಯ ಮೇಲೆ ಅವರಲ್ಲಿ ಒಬ್ಬರ ಹೆಸರನ್ನೂ ನಾನು ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ.

ಬೇರೆಯವರ ಹಾಡು ಹಾಡಬಾರದು ಅಂತ ಈಗಲೂ ನನಗನ್ನಿಸಲ್ಲ. ಹಾಗಾದರೆ ಹಾಡುಗಳು ಕೇರಿಯಲ್ಲೇ ಉಳಿದು ಸಾಯುತ್ತವೆ, ಬೇಲಿ ಮಾತ್ರ ಬದುಕುತ್ತೆ. ಆದರೆ ಚೆನ್ನಾಗಿ ಹಾಡಿದ ಮಾತ್ರಕ್ಕೆ ಸಾಲ ತೀರಿತು ಅಂದುಕೊಳ್ಳೋದು ಮೋಸ. ಹೆಸರು ಹೇಳಬೇಕು, ದುಡ್ಡು ಬಂದರೆ ಪಾಲು ಕೊಡಬೇಕು, ಮೈಕು ದಾಟಿಸಬೇಕು. ಇಷ್ಟಾದ ಮೇಲೂ ಒಂದಷ್ಟು ಬಾಕಿ ಉಳಿಯುತ್ತೆ.

ಮುಂದಿನ ಸಲ ಊರಿಗೆ ಹೋದಾಗ ಆ ಕೇರಿಗೆ ಹೋಗಬೇಕು. ನನಗೆ ಆ ಪದ ಅರ್ಧವೇ ಬರೋದು, ಉಳಿದದ್ದು ಕೇಳಬೇಕು. 'ನಿಮಗ್ಯಾಕಪ್ಪ ಅದು' ಅಂತ ಅವರು ಅಂದುಬಿಟ್ಟರೆ ಸುಮ್ಮನೆ ಎದ್ದು ಬರೋದಕ್ಕೂ ತಯಾರಿರಬೇಕು.