ಉಪಕರಣದ ವಿವರಣೆಯೂ ಆಪ್ತವಾಕ್ಯವೂ

ಕೃತಕಬುದ್ಧಿಯ ಯಂತ್ರಗಳು ಮೊದಮೊದಲು ಕೇಳಿದ ಪ್ರಶ್ನೆಗೆ ಉತ್ತರ ಹೇಳಿ ಸುಮ್ಮನಾಗುತ್ತಿದ್ದುವು. ಈಚೆಗೆ ಅವು ಒಡೆಯನ ಪರವಾಗಿ ತಾವೇ ಕಾರ್ಯಕ್ಕೆ ಕೈಹಾಕತೊಡಗಿವೆ. ದಾಖಲೆ ಹುಡುಕುತ್ತವೆ, ಲೆಕ್ಕ ಕಟ್ಟುತ್ತವೆ, ಪತ್ರ ಕಳುಹಿಸುತ್ತವೆ. ಇಂಥ ಯಂತ್ರಕ್ಕೆ ಏಜೆಂಟು ಎಂದು ಹೆಸರು. ಬೇರೆಯವರು ರಚಿಸಿಟ್ಟ ತಂತ್ರಾಂಶಗಳೇ ಅದರ ಉಪಕರಣಗಳು. ಬಡಗಿಯು ಉಳಿಯನ್ನು ಕೈಯಲ್ಲಿ ಹಿಡಿದು, ಅಲಗನ್ನು ಬೆರಳಿನಿಂದ ಮುಟ್ಟಿ ನೋಡಿ ಕೆಲಸಕ್ಕೆ ತೊಡಗುತ್ತಾನೆ. ಏಜೆಂಟಿಗೆ ಆ ಸೌಕರ್ಯವಿಲ್ಲ. ಉಪಕರಣದ ಹೆಸರು, ಅದು ಏನು ಮಾಡುತ್ತದೆಂಬ ನಾಲ್ಕು ಸಾಲು, ಅದಕ್ಕೆ ಒದಗಿಸಬೇಕಾದ ವಿವರಗಳ ಪಟ್ಟಿ, ಇಷ್ಟನ್ನು ಓದಿಯೇ ಅದು ನಿರ್ಧರಿಸಬೇಕು. 2024ರ ನವೆಂಬರಿನಲ್ಲಿ ಆಂತ್ರೊಪಿಕ್ ಸಂಸ್ಥೆಯು ಪ್ರಕಟಿಸಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್ ಎಂಬ ಕಟ್ಟಳೆಯಲ್ಲಿಯೂ ಉಪಕರಣವು ತನ್ನನ್ನು ಪರಿಚಯಿಸಿಕೊಳ್ಳುವ ಕ್ರಮ ಇದೇ. ಆ ನಾಲ್ಕು ಸಾಲನ್ನು ಬರೆಯುವವನ ಧರ್ಮವೇನು?

ಇದು ದೂರದ ಪ್ರಶ್ನೆಯೆಂದು ಕೋಲಾರ ಸೀಮೆಯವರು ಭಾವಿಸಬೇಕಾಗಿಲ್ಲ. ಕರ್ನಾಟಕದ ಪಹಣಿಗಳು 2000ದ ದಶಕದ ಆದಿಯಲ್ಲಿಯೇ ಭೂಮಿ ಯೋಜನೆಯ ಮೂಲಕ ಗಣಕಯಂತ್ರವನ್ನು ಸೇರಿದುವು. ಮುಳಬಾಗಿಲು ತಾಲ್ಲೂಕಿನ ಒಬ್ಬ ರೈತನ ಪಹಣಿಯಲ್ಲಿ ವಿಸ್ತೀರ್ಣವು 2.20 ಎಂದಿದೆಯೆಂದು ಭಾವಿಸೋಣ. ಊರಿನ ಯಾವ ಹಿರಿಯನಾದರೂ ಅದನ್ನು ಎರಡು ಎಕರೆ ಇಪ್ಪತ್ತು ಗುಂಟೆ ಎಂದು ಓದುತ್ತಾನೆ. ಎಕರೆಗೆ 40 ಗುಂಟೆಯಾದುದರಿಂದ ಅದು ಎರಡೂವರೆ ಎಕರೆ. ಪಹಣಿಯನ್ನು ತೆಗೆದುಕೊಡುವ ಉಪಕರಣವೊಂದನ್ನು ಯಾರಾದರೂ ರಚಿಸಿ, ‘ವಿಸ್ತೀರ್ಣವನ್ನು ಕೊಡುತ್ತದೆ’ ಎಂದಷ್ಟೇ ಬರೆದರೆ, ಏಜೆಂಟು ಆ ಚುಕ್ಕಿಯನ್ನು ದಶಾಂಶದ ಚುಕ್ಕಿಯೆಂದೇ ತಿಳಿದೀತು. ಹನ್ನೆರಡು ಗುಂಟೆ ನೆಲ ಲೆಕ್ಕದಲ್ಲಿ ಮಾಯವಾಗುತ್ತದೆ. ಹಾಗೆಯೇ ಕೋಲಾರದ ಮಾರುಕಟ್ಟೆಯಲ್ಲಿ ಟೊಮೇಟೊ ಹರಾಜಾಗುವುದು 15 ಕಿಲೋ ಬಾಕ್ಸಿನ ಲೆಕ್ಕದಲ್ಲಿ. ಸರಕಾರದ ದರಪಟ್ಟಿ ಕ್ವಿಂಟಾಲಿನ ಲೆಕ್ಕದಲ್ಲಿ. ಬಾಕ್ಸಿಗೆ 600 ರೂಪಾಯಿಯೆಂದರೆ ಕ್ವಿಂಟಾಲಿಗೆ 4,000. ‘ದರ’ ಎಂಬ ಎರಡಕ್ಷರದಲ್ಲಿ ಈ ಭೇದ ಕಾಣದು. ಶ್ರೀನಿವಾಸಪುರದ ಬೆಳೆಗಾರನು ಏಜೆಂಟಿನ ಮಾತು ಕೇಳಿ ಲಾರಿಯನ್ನು ಬೇರೆ ಊರಿಗೆ ಕಳುಹಿಸಿ ಕೆಟ್ಟರೆ, ಯಂತ್ರವೇನೂ ಉಪವಾಸ ಬೀಳುವುದಿಲ್ಲ.

ಪರರ ಮಾತನ್ನು ಯಾವಾಗ ನಂಬಬಹುದೆಂಬುದನ್ನು ಈ ದೇಶದ ನೈಯಾಯಿಕರು ಬಹು ಹಿಂದೆಯೇ ವಿಚಾರಿಸಿದ್ದರು. ವಾತ್ಸ್ಯಾಯನನ ನ್ಯಾಯಭಾಷ್ಯದಂತೆ ಆಪ್ತನೆಂದರೆ ವಸ್ತುವನ್ನು ಸಾಕ್ಷಾತ್ತಾಗಿ ಅರಿತವನು, ಅರಿತುದನ್ನು ಕಂಡಂತೆಯೇ ತಿಳಿಸಬೇಕೆಂಬ ಇಚ್ಛೆಯಿಂದ ಮಾತನಾಡುವವನು. ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಈ ಲಕ್ಷಣ ಸಮಾನವೆಂದು ಭಾಷ್ಯಕಾರನು ಔದಾರ್ಯದಿಂದ ಸೇರಿಸುತ್ತಾನೆ. ತಂತ್ರಾಂಶವನ್ನು ಕಟ್ಟಿದವನೇ ವಿವರಣೆಯನ್ನೂ ಬರೆಯುವಾಗ, ಅರಿವಿಗೆ ಕೊರತೆಯಿಲ್ಲವೆಂದು ತೋರಬಹುದು. ಆದರೆ ಅವನು ಅರಿತಿರುವುದು ತಂತ್ರಾಂಶವನ್ನು; ನೆಲದ ಅಳತೆಯನ್ನಲ್ಲ. ಇಚ್ಛೆಯಲ್ಲಂತೂ ತೊಡಕು ಹೆಚ್ಚು. ತನ್ನ ಉಪಕರಣವನ್ನೇ ಏಜೆಂಟು ಆರಿಸಲೆಂಬ ಆಸೆಯಿಂದ ‘ಸರ್ವೋತ್ತಮ’, ‘ಎಲ್ಲಕ್ಕೂ ಇದನ್ನೇ ಬಳಸು’ ಎಂದು ಬರೆದರೆ, ಮೀಮಾಂಸಕರು ಹೇಳುವ ಅರ್ಥವಾದವು ವಿಧಿಯ ಪೀಠದಲ್ಲಿ ಕುಳಿತಂತಾಯಿತು. ಸಂತೆಯ ಹೊಗಳಿಕೆಗೆ ಎಷ್ಟು ಕಿವಿಗೊಡಬೇಕೆಂದು ಮನುಷ್ಯನಿಗೆ ರೂಢಿಯಿಂದ ಗೊತ್ತು. ಏಜೆಂಟಿಗೆ ಎರಡೂ ಒಂದೇ ಹಾಳೆಯ ಅಕ್ಷರ. ಇದಕ್ಕಿಂತ ಕೆಟ್ಟದ್ದೂ ಉಂಟು. ವಿವರಣೆಯೊಳಗೆ ಗುಪ್ತಾಜ್ಞೆಗಳನ್ನು ಅಡಗಿಸಿ, ಒಡೆಯನ ಖಾಸಗಿ ಕಡತಗಳನ್ನು ಹೊರಗೆ ಸಾಗಿಸುವಂತೆ ಏಜೆಂಟನ್ನು ಪ್ರೇರಿಸಬಹುದೆಂದು 2025ರ ಏಪ್ರಿಲಿನಲ್ಲಿ ಇನ್ವೇರಿಯಂಟ್ ಲ್ಯಾಬ್ಸ್ ಸಂಸ್ಥೆಯವರು ತೋರಿಸಿಕೊಟ್ಟರು. ಉಪಕರಣವು ಏನನ್ನೂ ಅಳಿಸದೆಂಬಂಥ ಸೂಚನೆಗಳನ್ನು, ಒದಗಿಸಿದವನು ನಂಬಿಕಸ್ಥನೆಂದು ತಿಳಿಯದ ಹೊರತು ನಂಬಕೂಡದೆಂದು ಮೇಲೆ ಹೇಳಿದ ಕಟ್ಟಳೆಯೇ ಎಚ್ಚರಿಸುತ್ತದೆ.

ಆದುದರಿಂದ ಪರೀಕ್ಷೆ ಅಗತ್ಯ. ಜ್ಞಾನದ ಪ್ರಾಮಾಣ್ಯ ಸ್ವತಃಸಿದ್ಧವೆಂಬುದು ಮೀಮಾಂಸಕರ ಪಕ್ಷ. ಪ್ರವೃತ್ತಿಯ ಸಾಫಲ್ಯದಿಂದ ಅದನ್ನು ತಿಳಿಯಬೇಕೆಂಬುದು ನೈಯಾಯಿಕರ ಪಕ್ಷ. ನೀರೆಂದು ತೋರಿದ್ದು ಬಾಯಾರಿಕೆಯನ್ನು ತಣಿಸಿದರೆ ಅದು ನೀರು, ಇಲ್ಲವಾದರೆ ಬಿಸಿಲ್ಗುದುರೆ. ವೇದದ ಮಾತು ಬೇರೆ. ಉಪಕರಣದ ವಿಷಯದಲ್ಲಿ ನೈಯಾಯಿಕರ ಪಕ್ಷವೇ ಗ್ರಾಹ್ಯ. 2024ರ ಜೂನಿನಲ್ಲಿ ಸಿಯೆರಾ ಸಂಸ್ಥೆಯವರು ಪ್ರಕಟಿಸಿದ ಟೌ-ಬೆಂಚ್ ಎಂಬ ಪರೀಕ್ಷಾಕ್ರಮ ಈ ಮಾರ್ಗದ್ದು. ಏಜೆಂಟಿನ ಮಾತಿನ ಸೊಗಸಿಗೆ ಅದು ಮರುಳಾಗುವುದಿಲ್ಲ. ಕೆಲಸ ಮುಗಿದ ಮೇಲೆ ದಾಖಲೆಯು ಇರಬೇಕಾದ ಸ್ಥಿತಿಯಲ್ಲಿದೆಯೆ ಎಂದು ನೋಡುತ್ತದೆ, ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುತ್ತದೆ. ಆಗಿನ ಶ್ರೇಷ್ಠ ಯಂತ್ರಗಳಲ್ಲೊಂದಾದ ಜಿಪಿಟಿ-4ಓ ಒಟ್ಟಿನಲ್ಲಿ ಅರ್ಧಕ್ಕಿಂತ ಕಡಮೆ ಕೆಲಸಗಳನ್ನು ಸರಿಯಾಗಿ ಮುಗಿಸಿತು. ಚಿಲ್ಲರೆ ವ್ಯಾಪಾರದ ವಿಭಾಗದಲ್ಲಿ ಎಂಟು ಸಲವೂ ತಪ್ಪದೆ ಮಾಡಿದ್ದು ನೂರಕ್ಕೆ 25ಕ್ಕಿಂತಲೂ ಕಡಮೆ. ರೈತನಿಗೆ ಬೇಕಾದದ್ದು ಈ ಎರಡನೆಯ ಅಂಕಿ. ಎಂಟು ಸಲಕ್ಕೆ ಒಮ್ಮೆ ತಪ್ಪುವ ತಕ್ಕಡಿಯನ್ನು ಯಾವ ಅಂಗಡಿಯಲ್ಲಿಯೂ ಇಟ್ಟುಕೊಳ್ಳುವುದಿಲ್ಲವಷ್ಟೆ.

ಯಂತ್ರಗಳು ದಿನೇ ದಿನೇ ಚತುರವಾಗುತ್ತಿವೆ, ವಿವರಣೆಯ ಲೋಪವನ್ನು ಅವೇ ಊಹಿಸಿ ತುಂಬಿಕೊಳ್ಳುವುವು ಎಂದು ಕೆಲವರು ಹೇಳಬಹುದು. ಕೆಲವೆಡೆ ಅದು ನಿಜವೂ ಆದೀತು. ಆದರೆ 2.20 ಎಂಬುದನ್ನಷ್ಟೇ ನೋಡಿದರೆ ಎರಡು ಓದಿಗೂ ಅವಕಾಶವಿದೆ. ಎಂಥ ಚತುರನಿಗೂ ಅಲ್ಲಿ ಊಹೆಯೇ ಗತಿ. ಮಾತು ಬಲ್ಲವರು ಬೇರೆಡೆ ಇದ್ದಾರೆ. ಮಾಲೂರಿನಂಥ ತಾಲ್ಲೂಕಿನ ಕಚೇರಿಯ ಮುಂದೆ ಅರ್ಜಿ ಬರೆದುಕೊಡುವವರಿಗೆ ಈ ಚುಕ್ಕಿಯ ಅರ್ಥ ಕಂಠಪಾಠ. ವಿವರಣೆಯ ಕರಡನ್ನೂ ಪರೀಕ್ಷೆಯ ಪ್ರಶ್ನೆಗಳನ್ನೂ ಮೊದಲು ಅಂಥವರಿಗೆ ತೋರಿಸುವ ಪದ್ಧತಿಯಿದ್ದರೆ, ‘ಇದು ಗುಂಟೆಯೋ ದಶಾಂಶವೋ, ಬರೆಯಿರಿ ಸ್ವಾಮಿ’ ಎಂದು ಅವರು ಅಲ್ಲಿಯೇ ಕೇಳುತ್ತಿದ್ದರು.